ಹೆಸರು ಮುಚ್ಚಿಟ್ಟು ಕೇಳಿದ ಪ್ರಶ್ನೆ

ಭದ್ರಾವತಿ ಓಲ್ಡ್ ಟೌನ್‌ನಲ್ಲಿ ಸ್ಕೂಟರ್ ರಿಪೇರಿ ಮಾಡುವ ನಸರುಲ್ಲಾ ನಲವತ್ತು ದಾಟಿದ ಮೇಲೆ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಎ.ಗೆ ಸೇರಿದ್ದ. ಅದು ಎರಡು ಸಾವಿರದ ಎಂಟನೇ ಇಸವಿ. ಒಂದು ಭಾನುವಾರ ಶಿವಮೊಗ್ಗದ ಇತಿಹಾಸ ತರಗತಿಯಲ್ಲಿ ಮೇಷ್ಟ್ರು, "ಸಹಾಯಕ ಸೈನ್ಯ ಪದ್ಧತಿ ಅಂದ್ರೇನು?" ಎಂದು ಅವನನ್ನೇ ಕೇಳಿದರು. ನಸರುಲ್ಲಾ ಎದ್ದು ನಿಂತು ತಡವರಿಸಿದ. ಹಿಂದಿನ ಬೆಂಚಿನ ಹುಡುಗರು ನಕ್ಕರು. ಅವತ್ತಿನಿಂದ ತರಗತಿಗೆ ಹೋಗುವುದನ್ನೇ ಬಿಟ್ಟ.

ಜೊತೆಗೆ ಓದುತ್ತಿದ್ದ ಮಲವಗೊಪ್ಪದ ಅಂಗನವಾಡಿ ಟೀಚರ್ ಶೀಲಾ ಗ್ಯಾರೇಜಿಗೇ ಬಂದಳು.

"ಯಾಕೆ ನಸರುಲ್ಲಾ ಭಾಯ್, ಬರ್ತಾನೇ ಇಲ್ಲ?"

"ಆ ಮಕ್ಕಳ ಮುಂದೆ ಮತ್ತೆ ಮರ್ಯಾದೆ ಕಳ್ಕೊಳ್ಳೋಕೆ ಆಗಲ್ಲ, ಟೀಚರ್."

"ಹಂಗಾದ್ರೆ ಇಂಟರ್ನೆಟ್‌ನಲ್ಲಿ ಆರ್ಕುಟ್ ಅಂತ ಇದೆಯಲ್ಲ, ಜನ ಗುಂಪು ಕಟ್ಕೊಂಡು ಮಾತಾಡೋ ಜಾಗ, ಅಲ್ಲಿ ಕೇಳಿ. ಬಿ.ಎ. ಓದೋರದ್ದೇ ಒಂದು ಗುಂಪಿದೆ. ಕಾಲೇಜಿನವರೂ ಇದಾರೆ, ನಮ್ಮಂಥೋರೂ ಇದಾರೆ. ಅರ್ಥ ಆಗದ್ದನ್ನೆಲ್ಲ ನಾನು ಅಲ್ಲೇ ಕೇಳೋದು."

"ಆರ್ಕುಟ್ಟಾ! ಅದು ಹುಡುಗರು ಹಾಳಾಗೋ ಜಾಗ. ನನ್ನ ಮಗಳು ಸಮ್ರೀನ್‌ಗೆ ಅದಕ್ಕೇ ಮೊನ್ನೆ ಬೈದಿದೀನಿ. ಬಿ.ಎ. ಕೊನೇ ವರ್ಷ, ಸೈಬರ್ ಕೆಫೆ ಸುತ್ತುತ್ತಾಳೆ!"

"ಒಂದ್ಸಲ ನೋಡಿ, ಆಮೇಲೆ ಬೈರಿ ಮಾರಾಯ್ರೆ."

ಶೀಲಾ ಅವನನ್ನು ಕೆಫೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ನಾಚಿಕೆಯಿಂದ ಅವನು ಸ್ವಂತ ಹೆಸರು ಹಾಕಲಿಲ್ಲ. 'ವಯಸ್ಸಾದ ವಿದ್ಯಾರ್ಥಿ' ಎಂದು ಹಾಕಿಸಿ, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟಿ, ಅದೇ ಪ್ರಶ್ನೆ ಕೇಳಿದ.

ಮಾರನೇ ದಿನ ಕೆಫೆಗೆ ಹೋಗಿ ನೋಡಿದರೆ ಉತ್ತರ ಬಂದಿತ್ತು.

"ಸರ್, ರಾಜ ತನ್ನ ರಾಜ್ಯದಲ್ಲಿ ಬ್ರಿಟಿಷರ ಸೈನ್ಯ ಇಟ್ಕೋಬೇಕು, ಅದರ ಖರ್ಚೂ ಅವನೇ ಕೊಡ್ಬೇಕು. ರಕ್ಷಣೆ ಅನ್ನೋದು ಹೆಸರಿಗೆ, ಅಧಿಕಾರ ಮಾತ್ರ ಅವರ ಕೈಗೆ. ಪುಸ್ತಕದಲ್ಲೂ ಒಂದ್ಸಲ ನೋಡ್ಕೊಳ್ಳಿ. ಕೇಳೋಕೆ ನಾಚ್ಕೋಬೇಡಿ ಸರ್. ನಮ್ಮ ಅಬ್ಬಾನೂ ಬಿ.ಎ. ಓದ್ತಿದ್ರು. ಏನಾಯ್ತೋ, ಈಗ ಪುಸ್ತಕ ಮುಟ್ತಾ ಇಲ್ಲ. ನನ್ನ ಕೇಳಿದ್ರೆ ಹೇಳಿಕೊಡ್ತಿದ್ದೆ."

ಪಕ್ಕದಲ್ಲಿ ಹೆಸರಿತ್ತು: ಸಮ್ರೀನ್, ಭದ್ರಾವತಿ.

ನಸರುಲ್ಲಾ ತಲೆ ತಗ್ಗಿಸಿದ. ಹುಡುಗರು ನಕ್ಕಾಗಲೂ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಮನೆಗೆ ಬಂದವನೇ ಮಗಳನ್ನು ಕರೆದ. "ಆ ವಯಸ್ಸಾದ ವಿದ್ಯಾರ್ಥಿ ನಾನೇ ಕಣಮ್ಮ. ಓದೋಳನ್ನ ಹಾಳಾಗ್ತೀಯ ಅಂತ ಬೈದ್ಬಿಟ್ಟೆ."

ಸಮ್ರೀನ್ ಅವನ ಮುಖವನ್ನೇ ನೋಡಿದಳು. "ಕೆಫೆಗೆ ಹೋಗೋದು ಪಾಠಕ್ಕೆ ಅಂತ ಹೇಳಿದ್ನಲ್ಲ ಅಬ್ಬಾ. ನೀವು ಕೇಳಿಸ್ಕೊಳ್ಳಲೇ ಇಲ್ಲ."

ನಸರುಲ್ಲಾ ಅವಳ ಪಕ್ಕ ಕೂತ. "ನಾಳೆ ಇಬ್ಬರೂ ಹೋಗೋಣ. ನನ್ನ ಹೆಸರನ್ನೇ ಹಾಕ್ಕೊಡು" ಎಂದ.

"ಹೆಸರು ಹಾಕೋಣ. ಫೋನ್ ನಂಬರು, ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡ್ಬೇಡಿ."

ಮುಂದಿನ ಭಾನುವಾರ ನಸರುಲ್ಲಾ ಮತ್ತೆ ಶಿವಮೊಗ್ಗದ ಬಸ್ ಹತ್ತಿದ.

ದುಡಿಯುತ್ತಲೇ ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಗೊತ್ತಿಲ್ಲವೆಂದು ಪುಸ್ತಕ ಮುಚ್ಚಿಡಬೇಡಿ. ಜೊತೆಗೆ ಓದುವವರ ಗುಂಪು ಸೇರಿ, ಕೇಳಿ, ಗೊತ್ತಿರುವುದನ್ನು ಹೇಳಿಕೊಡಿ. ಮಕ್ಕಳು ಕಂಪ್ಯೂಟರ್ ಮುಂದೆ ಕೂತಿದ್ದರೆ, ಬೈಯುವ ಮೊದಲು ಪಕ್ಕದಲ್ಲಿ ಕೂತು, ಏನು ಓದುತ್ತಿದ್ದೀಯ ಎಂದು ಕೇಳಿ.