ಎರಡು ಬೆರಳಿನ ಎತ್ತರ

ಪಂಕ್ಚರ್ ಅಂಗಡಿಯವನು ಚಕ್ರವನ್ನು ಹೆಗಲ ಮೇಲಿಟ್ಟುಕೊಂಡು ಅಂಗಳಕ್ಕೆ ಬಂದಾಗ ಕೂತಿದ್ದವರೆಲ್ಲ ಮಾತು ನಿಲ್ಲಿಸಿ ಅವನನ್ನೇ ನೋಡಿದರು. ಮಿಕ್ಕವರು ಹೂವು ತಂದಿದ್ದರು. ಅವನು ಚಕ್ರವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಬಾಗಿಲ ಬಳಿ ನಿಂತೇ ಇದ್ದ.

"ಏನಯ್ಯ ಇದು, ಸಾವಿನ ಮನೆಗೆ ಚಕ್ರ ಹೊತ್ಕೊಂಡು ಬಂದಿದೀಯ?" ಎಂದ ಸತ್ತವನ ತಮ್ಮ. ಅವನು ಬಸ್ ಡ್ರೈವರ್. ಮೆಲ್ಲಗೆ ಮಾತಾಡಿದರೂ ಹಿಂದಿನ ಸೀಟಿನವರೆಗೆ ಕೇಳಿಸುವ ಗಂಟಲು.

"ಮೊನ್ನೆ ಬೆಳಿಗ್ಗೆ ಅವರೇ ಉರುಳಿಸ್ಕೊಂಡು ಬಂದಿದ್ರು. ಟ್ಯೂಬ್ ಬದಲಾಯ್ಸಿಡು, ಅರ್ಧ ಗಂಟೇಲಿ ಬಂದೆ ಅಂದ್ರು. ಬರ್ಲಿಲ್ಲ. ಅದಕ್ಕೇ ನಾನೇ ತಂದೆ."

ಅವನು ಚಕ್ರವನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಅದರ ಪಕ್ಕದಲ್ಲೇ ಕೂತ.

ಒಳಗೆ, ಶವದ ಪೆಟ್ಟಿಗೆಯ ತಲೆಯ ಕಡೆಗೆ ಹಾಕಿದ ಕುರ್ಚಿಯಲ್ಲಿ ಸತ್ತವನ ಹೆಂಡತಿ ಕೂತಿದ್ದಳು. ಅವಳ ಕಣ್ಣು ಗಂಡನ ಮುಖದ ಮೇಲಿರಲಿಲ್ಲ, ಕಿಟಕಿಯಾಚೆ ಇತ್ತು. ಅಲ್ಲಿ ಹಿತ್ತಲ ಶೆಡ್ಡಿನ ಬಾಗಿಲು ಮೊನ್ನೆ ತೆರೆದಿಟ್ಟ ಹಾಗೇ ತೆರೆದುಕೊಂಡಿತ್ತು. ಒಳಗೆ ಅವನು ಕಟ್ಟಿದ ಪುಟ್ಟ ವಿಮಾನ, ಒಂದು ಚಕ್ರ ಕಳಚಿ, ಜಾಕಿನ ಮೇಲೆ ನಿಂತಿತ್ತು. ಅದರ ರೆಕ್ಕೆಯ ತುದಿ ನಿನ್ನೆ ಸಂಜೆ ಗೋಡೆಯ ಹನ್ನೆರಡನೆಯ ಸಾಲಿನ ಇಟ್ಟಿಗೆಗೆ ಸಮನಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಹನ್ನೊಂದು. ಈಗ ಹತ್ತಕ್ಕೆ ಬಂದಿತ್ತು.

"ಅತ್ತು ಬಿಡಮ್ಮ, ಎದೆ ಹಗುರಾಗುತ್ತೆ," ಎಂದು ಪಕ್ಕದ ಮನೆಯ ಮುದುಕಿ ಅವಳ ಕೈ ಹಿಡಿದೇ ಕೂತಿದ್ದಳು.

"ಅಮ್ಮ, ಅಪ್ಪನ ಕಡೆ ನೋಡು. ಹೊರಗೇನಿದೆ?" ಎಂದಳು ಮಗಳು.

"ಇಳೀತಾ ಇದೆ."

"ಏನು?"

"ರೆಕ್ಕೆ. ಜಾಕು ಎಣ್ಣೆ ಬಿಡ್ತಿದೆ. ನಿನ್ನ ಚಿಕ್ಕಪ್ಪನ್ನ ಕರಿ."

ಮೈದುನ ಬಂದು, ಬಗ್ಗಿ ಕೇಳಿಸಿಕೊಂಡು, ನಿಟ್ಟುಸಿರು ಬಿಟ್ಟ. "ಅತ್ತಿಗೆ, ಈ ಹೊತ್ತಲ್ಲಿ ವಿಮಾನದ ಮಾತು ಬೇಕಾ? ಅಣ್ಣನ್ನ ಕಳಿಸಿ ಬರೋಣ. ಆಮೇಲೆ ಹತ್ತು ಜನ ಹಿಡ್ಕೊಂಡು ಎತ್ತಿದ್ರಾಯ್ತು."

"ಹತ್ತು ಜನ ಹಿಡಿದ್ರೆ ಹತ್ತು ತೂತು ಬೀಳುತ್ತೆ. ಅದು ಬಟ್ಟೆ."

ಅವನು ಅತ್ತಿಗೆಯ ಮುಖವನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿದ. ದುಃಖ ತಲೆಗೇರಿದೆ ಎಂದುಕೊಂಡಿರಬೇಕು. "ಇವರಿಗೆ ಸ್ವಲ್ಪ ನೀರು ಕೊಡಮ್ಮ," ಎಂದು ಹೊರಗೆ ಹೋದ.

* * *

ಅವಳ ಗಂಡ ಪಂಪ್ ರಿಪೇರಿಯವನು. ಸುತ್ತಲಿನ ಹೊಲಗಳಲ್ಲಿ ಯಾವ ಪಂಪು ಕೆಮ್ಮಿದರೂ ಅವನಿಗೆ ಕರೆ ಬರುತ್ತಿತ್ತು. ಉಳಿದ ಹೊತ್ತೆಲ್ಲ ಶೆಡ್ಡಿನಲ್ಲೇ. ಹದಿನಾಲ್ಕು ವರ್ಷ ಮರ ಹೆರೆದು, ಅಂಟು ಹಾಕಿ, ಬಟ್ಟೆ ಬಿಗಿದು ಆ ವಿಮಾನ ಕಟ್ಟಿದ. ಅದು ಹಾರಿತು ಕೂಡ. ಗಾಳಿ ಮಲಗಿದ ಬೆಳಗುಗಳಲ್ಲಿ ಕೊಯ್ಲಾದ ಹೊಲದಿಂದ ಎದ್ದು, ಕೆರೆಗೆ ಒಂದು ಸುತ್ತು ಹಾಕಿ, ಹಾಲು ಕಾಯುವಷ್ಟರಲ್ಲಿ ಇಳಿದುಬಿಡುತ್ತಿತ್ತು. ಊರವರು ಅವನಿಗೆ ಗುಬ್ಬಿ ಎಂದು ಹೆಸರಿಟ್ಟರು.

ವಿಮಾನಕ್ಕೆ ಒಂದೇ ಸೀಟು. "ಹೆಂಡತಿಗೆ ಜಾಗ ಇರಬಾರದು ಅಂತ ಅಳತೆ ಹಿಡಿದು ಕಟ್ಟಿದೀರಿ," ಎಂದು ಅವಳು ಚುಚ್ಚಿದರೆ, "ನೀನು ಕೂತ್ಕೊಂಡ್ರೆ ಅದನ್ನ ಎತ್ತೋರು ಯಾರೇ?" ಎನ್ನುತ್ತಿದ್ದ.

ತಮಾಷೆಯಾದರೂ ಮಾತು ನಿಜವೇ. ಚಕ್ರದ ಕೆಲಸ ಬಂದಾಗಲೆಲ್ಲ ಎತ್ತುವವಳು ಅವಳೇ. ಮೊದಲು ಅವನು ಶೆಡ್ಡಿನಿಂದ ಕೋಳಿಗಳನ್ನು ಓಡಿಸುವನು. ಆಚೆ ಚಕ್ರದ ಹಿಂದೆ ಮುಂದೆ, ಬಾಲದ ಚಕ್ರದ ಹಿಂದೆ ಮುಂದೆ ಕಲ್ಲು ಕೊಡುವನು. ಬಾಗಿಲಿಗೆ ಹೋಗಿ ಬೆರಳು ಒದ್ದೆ ಮಾಡಿ ಗಾಳಿ ನೋಡುವನು. ಎಲೆ ಅಲುಗಿದರೂ ಆ ದಿನ ಕೆಲಸವಿಲ್ಲ. ಎಲ್ಲ ಸರಿಯಿದ್ದರೆ ಅವಳು ರೆಕ್ಕೆಯ ಕೆಳಗೆ ಹೋಗಿ ಬಗ್ಗುವಳು. ಅಲ್ಲಿ ಅವನು ಕಾಸಿನಗಲ ಒಂದು ಕೆಂಪು ಗುರುತು ಬಳಿದಿದ್ದ. ಬಟ್ಟೆಯೊಳಗೆ ರೆಕ್ಕೆಯ ತೊಲೆ ಹಾಯುವುದು ಅಲ್ಲೇ. ಗೇಣು ಆಚೀಚೆ ಆದರೆ ಬರೀ ಬಟ್ಟೆ. ಗುರುತಿಗೆ ಹೆಗಲು ಕೊಟ್ಟು ಅವಳು ಮೊಣಕಾಲು ನೆಟ್ಟಗೆ ಮಾಡುವಳು. ಅವನು ನೆಲಕ್ಕೆ ಮಲಗಿ ಮರದ ದಿಮ್ಮಿಯನ್ನು ಚಕ್ರದ ಅಚ್ಚಿನ ಕೆಳಗೆ ತಳ್ಳಿ, ಅಂಗೈಯಿಂದ ಎರಡು ಸಲ ಬಡಿದು, ಕೈ ಹೊರಗೆ ತೆಗೆದು, ಎರಡೂ ಕೈಯನ್ನು ಅವಳಿಗೆ ತೋರಿಸುವನು. ಆಮೇಲೆಯೇ ಮಾತು: "ಇಟ್ಟೆ, ಬಿಡು."

ಆ ಮಾತು ಬರುವವರೆಗೆ ಅವಳು ಇಳಿಸುತ್ತಿರಲಿಲ್ಲ. ಒಮ್ಮೆ ಜೇನುಹುಳ ಕುತ್ತಿಗೆಗೆ ಕುಟುಕಿದಾಗಲೂ ಇಳಿಸಿರಲಿಲ್ಲ. ಸಂಜೆ ದೀಪದ ಹತ್ತಿರ ಕೂರಿಸಿಕೊಂಡು ಮುಳ್ಳು ತೆಗೆಯುತ್ತ ಅವನು ಕೇಳಿದ್ದ: "ಕೂಗಬಾರದಿತ್ತೇನೇ?"

"ನಿಮ್ಮ ಕೈ ಒಳಗಿತ್ತಲ್ಲ," ಎಂದಿದ್ದಳು.

* * *

ಅಂಗಳದಲ್ಲಿ ಮಾತು ನಡೆದಿತ್ತು.

"ಗುಬ್ಬಿ ಮೇಲಿಂದ ಬೀಳ್ತಾನೆ ಅಂತ ಇಷ್ಟು ವರ್ಷ ಕಾದ್ವಿ. ನೋಡಿದ್ರೆ ಶೆಡ್ಡಿನ ಹೊಸ್ತಿಲಲ್ಲಿ ಕೂತ ಹಾಗೇ ಹೋದ."

"ನೆಲ ಬಿಟ್ಟಾಗ ಏನೂ ಆಗ್ಲಿಲ್ಲ ನೋಡು."

"ನಮ್ಮ ಪಂಪು ಬಿಚ್ಚಿಟ್ಟು ಹೋಗಿದಾನೆ ಪುಣ್ಯಾತ್ಮ. ಯಾವ ವಾಷರ್ ಎಲ್ಲಿಗೆ ಅಂತ ದೇವರಿಗೇ ಗೊತ್ತು."

ಅವಳು ಮುದುಕಿಯ ಕೈ ಬಿಡಿಸಿಕೊಂಡು ಎದ್ದಳು. ಬಚ್ಚಲಿಗೆ ಹೋಗುವವಳೆಂದು ಎಲ್ಲರೂ ದಾರಿ ಬಿಟ್ಟರು. ಹಿತ್ತಲ ಬಾಗಿಲಿನಿಂದ ಶೆಡ್ಡಿಗೆ ಹೋದಳು. ಪಂಕ್ಚರ್ ಅಂಗಡಿಯವನು ಅದನ್ನು ನೋಡಿ, ಚಕ್ರ ಎತ್ತಿಕೊಂಡು ಹಿಂದೆಯೇ ಬಂದ.

ಜಾಕಿನ ಬುಡದಲ್ಲಿ ಎಣ್ಣೆ ಅಂಗೈಯಗಲ ಹರಡಿತ್ತು. ಊರಿನ ಪಂಪಿಗೆಲ್ಲ ವಾಷರ್ ಹಾಕಿದವನು ತನ್ನ ಜಾಕಿನದನ್ನು ನೋಡಿರಲಿಲ್ಲ.

"ಜಾಕು ಎತ್ತೋಕಷ್ಟೇ, ಹೊರೋಕೆ ದಿಮ್ಮಿ. ನನಗೂ ಅದನ್ನೇ ಹೇಳಿಕೊಟ್ಟವರು ಅವರು," ಎಂದ ಪಂಕ್ಚರ್ ಅಂಗಡಿಯವನು. "ತಾವೇ ದಿಮ್ಮಿ ಇಡದೆ ಹೋಗಿದಾರಲ್ಲಮ್ಮ."

ದಿಮ್ಮಿ ಅಲ್ಲೇ, ಅಚ್ಚಿನ ಪಕ್ಕದಲ್ಲೇ ಇತ್ತು. ಅದರ ಅಂಚಿಗೆ ಹೊಸದಾಗಿ ಸುತ್ತಿಗೆಯಿಂದ ಹೊಡೆದ ಗುರುತುಗಳಿದ್ದವು. ಅಂದರೆ ಅವನು ಒಳಗೆ ತಳ್ಳಲು ನೋಡಿದ್ದ. ಹೋಗಿರಲಿಲ್ಲ. ಅವಳು ಜಾಕಿನ ಕಂಬದತ್ತ ನೋಡಿದಳು. ಹೊಳೆಯುವ ಕಂಬದ ಮೇಲೆ, ಅದರ ಕೊನೆಯ ಎತ್ತರದವರೆಗೂ ಎಣ್ಣೆಯ ಗೆರೆಯಿತ್ತು; ಮೊನ್ನೆ ಅವನು ಅದನ್ನು ಪೂರ್ತಿ ಎತ್ತಿದ್ದ. ಅದು ಅಷ್ಟು ಎದ್ದಿದ್ದರೂ ದಿಮ್ಮಿ ಒಳಗೆ ಹೋಗಲು ಎರಡು ಬೆರಳು ಸಾಲದೇ ಬಂದಿತ್ತು.

ಹೊರಗೆ ವ್ಯಾನು ಬಂದ ಸದ್ದಾಯಿತು. "ಅಮ್ಮ," ಎಂದು ಮಗಳು ಕೂಗಿದಳು.

* * *

ಮೊನ್ನೆ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ. ಅವಳು ಮಣೆಯ ಮೇಲೆ ಕೂತು ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತಿದ್ದಳು.

"ಒಂದು ಗಳಿಗೆ ಬಾರೇ. ಸ್ವಲ್ಪ ಹೆಗಲು ಕೊಟ್ಟು ಹೋಗು. ಎರಡು ಬೆರಳು ಸಾಕು."

"ನನ್ನ ಕೈಲಾಗಲ್ಲ. ಕಾಲು ಮಡಚಿದ್ರೆ ಜೀವ ಹೋಗುತ್ತೆ. ಗುಜರಿಯಿಂದ ಜಾಕು ತಂದಿಟ್ಕೊಂಡಿದೀರಲ್ಲ, ಇನ್ಮೇಲೆ ಅದನ್ನೇ ಹೆಂಡತಿ ಅಂದ್ಕೊಳ್ಳಿ."

ಅವನು ನಕ್ಕ. "ಅದು ಎದುರು ಮಾತಾಡಲ್ಲ, ಅದೊಂದು ಸುಖ," ಎಂದು ಹೋದ.

ಆಮೇಲೆ ಚಕ್ರ ಉರುಳಿಸಿಕೊಂಡು ಬೀದಿಗೆ ಇಳಿದದ್ದನ್ನು ಕಿಟಕಿಯಿಂದ ನೋಡಿದ್ದಳು. ಬರಿಗೈಯಲ್ಲಿ ವಾಪಸ್ಸು ಬಂದದ್ದನ್ನೂ ನೋಡಿದ್ದಳು. ಶೆಡ್ಡಿನ ಹೊಸ್ತಿಲ ಮೇಲೆ ಕೂತ. ಸುಸ್ತಾಗಿರಬೇಕು, ಕೂರಲಿ ಎಂದುಕೊಂಡಿದ್ದಳು. ಕಾಲಿಗೆ ಒತ್ತಿಕೊಂಡಿದ್ದ ಬಟ್ಟೆ ಆರಿತ್ತು. ಅದನ್ನು ಮತ್ತೆ ಬಿಸಿನೀರಿಗೆ ಅದ್ದಲು ಒಳಗೆ ಹೋಗಿದ್ದಳು.

* * *

ಆರು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಮುಂದೆ ಮೈದುನ. ವ್ಯಾನಿನವನು ಇನ್ನೊಂದು ಕಡೆ ಹೋಗಬೇಕಿತ್ತು, ಗಡಿಯಾರ ನೋಡಿಕೊಳ್ಳುತ್ತಿದ್ದ. ಅವಳು ಮಗಳ ಕೈ ಹಿಡಿದು ಪೆಟ್ಟಿಗೆಯ ಹಿಂದೆ ನಡೆದಳು. ಮನೆಯ ಪಕ್ಕದಿಂದ ಬೀದಿಗೆ ಹೋಗುವ ದಾರಿ ಶೆಡ್ಡಿನ ಮುಂದೆಯೇ ಹಾಯುತ್ತಿತ್ತು. ಗಾಳಿ ಎದ್ದಿತ್ತು. ಶೆಡ್ಡಿನ ತಗಡು ಬಡಿಯಿತು. ಒಳಗಿನಿಂದ ಮರ ನರಳಿದ ಹಾಗೆ ಒಂದು ಸದ್ದು.

ಅವಳು ಕೈ ಬಿಡಿಸಿಕೊಂಡಳು.

"ಅತ್ತಿಗೆ, ಎಲ್ಲಿಗೆ?" ಎಂದ ಮೈದುನ. ಹೆಗಲ ಮೇಲೆ ಅಣ್ಣನಿದ್ದ. ತಿರುಗಿ ನೋಡಲೂ ಆಗಲಿಲ್ಲ. ಆರು ಜನರ ಹೆಗಲೂ ಖಾಲಿ ಇರಲಿಲ್ಲ.

ಜಾಕು ವಾಲಿತ್ತು. ಅವಳು ರೆಕ್ಕೆಯ ಕೆಳಗೆ ನುಗ್ಗಿ, ಬಗ್ಗಿ, ಕಣ್ಣಿಂದ ನೋಡದೆಯೇ ಗುರುತಿಗೆ ಹೆಗಲು ಕೊಟ್ಟಳು. ಪಂಕ್ಚರ್ ಅಂಗಡಿಯವನು ಓಡಿ ಬಂದ. "ಎಲ್ಲಿ ಹಿಡೀಲಿ ಅಮ್ಮ?"

"ಎಲ್ಲೂ ಹಿಡೀಬೇಡ. ಮಲಗು. ದಿಮ್ಮಿ ತಗೋ."

ಮೊಣಕಾಲೊಳಗೆ ಏನೋ ಹರಿದ ಹಾಗಾಯಿತು. ರೆಕ್ಕೆ ಎದ್ದಿತು.

"ಇನ್ನೂ ಬೇಕು ಅಮ್ಮ. ಇನ್ನೂ ಸ್ವಲ್ಪ. ಎರಡು ಬೆರಳು."

ಹಲ್ಲು ಕಚ್ಚಿ ಎತ್ತಿದಳು. ಎರಡು ಬೆರಳು ಎದ್ದಿತು. ಮೊನ್ನೆಯೂ ಏಳುತ್ತಿತ್ತು.

ದಿಮ್ಮಿ ಒಳಗೆ ಸರಿದ ಸದ್ದು ಕೇಳಿಸಿತು. ಅವನು ಎದ್ದು ಬಟ್ಟೆಯ ಮಣ್ಣು ಕೊಡವಿಕೊಂಡ. "ಆಯ್ತು ಅಮ್ಮ, ಕೂತ್ಕೊಂಡ್ತು. ಚಕ್ರ ನಾಳೆ ಹಾಕ್ಕೊಡ್ತೀನಿ. ಬನ್ನಿ, ವ್ಯಾನು ಹೊರಡುತ್ತೆ." ಅವಳು ಹಿಂದೆಯೇ ಬರುತ್ತಾಳೆಂದು ಓಡಿಹೋದ.

ಬೀದಿಯಲ್ಲಿ ವ್ಯಾನಿನ ಬಾಗಿಲು ಹಾಕಿದ ಸದ್ದು. ಇಂಜಿನ್ ಶುರುವಾಯಿತು. ಮಗಳು ಶೆಡ್ಡಿನ ಬಾಗಿಲಿಗೆ ಬಂದು, "ಅಮ್ಮ, ಬಾ, ಕಾಯ್ತಾ ಇದಾರೆ," ಎಂದಳು. ಮತ್ತೊಮ್ಮೆ ಎಂದಳು.

ಅವಳ ಕಾಲು ತಾನಾಗಿಯೇ ಸೋತು ಒಂದಿಷ್ಟು ಕುಸಿದಿತ್ತು. ಭಾರವೆಲ್ಲ ದಿಮ್ಮಿಯ ಮೇಲೆ ಕೂತಿತ್ತು. ಆದರೂ ಅವಳು ಎರಡೂ ಅಂಗೈ ತೊಡೆಗೆ ಊರಿ, ಕತ್ತು ಬಗ್ಗಿಸಿ, ಇನ್ನೂ ಬರಬೇಕಾದ ಮಾತಿಗೆ ಕಿವಿಗೊಟ್ಟವಳಂತೆ ಹಾಗೆಯೇ ನಿಂತಿದ್ದಳು. ಅವಳ ಹೆಗಲಿಗೂ ಮೇಲಿನ ಕೆಂಪು ಗುರುತಿಗೂ ನಡುವೆ ಎರಡು ಬೆರಳಿನಷ್ಟು ಬೆಳಕಿತ್ತು.