ಮಿಂಚಿ ಮಲಗಿದ ಮೇಜು

ನಾನು ಒಂದು ಮೇಜು. ನಾಲ್ಕು ಕಾಲು ಸಾಗವಾನಿಯವು, ಮೈ ಬೇವಿನ ಹಲಗೆಯದು. ಮೇಲೆ ಹೊದಿಸಿದ ತಗಡು ಆಮೇಲೆ ಬಂದದ್ದು. ನನ್ನನ್ನು ಮಾಡಿದ್ದು ಗುಳೇದಗುಡ್ಡದ ಒಬ್ಬ ಬಡಿಗ. ಆತ ನನ್ನನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಕಾಲು ಜೋಡಿಸಿದ್ದರಿಂದ ನಾನು ಲೋಕದಲ್ಲಿ ಮೊದಲು ಕಂಡದ್ದು ಅವನ ಅಂಗಡಿಯ ನೆಲವನ್ನು. ಆಮೇಲೂ ನಾನು ಮನುಷ್ಯರ ಮುಖಕ್ಕಿಂತ ಅವರ ಪಾದ, ಮೊಣಕಾಲು, ಇಳಿಬಿಟ್ಟ ಕೈಗಳನ್ನೇ ಹೆಚ್ಚು ನೋಡಿದ್ದೇನೆ. ಮುಖ ಸುಳ್ಳು ಹೇಳುವಾಗಲೂ ಕೈ ಹೇಳುವುದಿಲ್ಲ ಎಂಬುದನ್ನು ನಾನು ಹಾಗೆಯೇ ಕಲಿತೆ.

ಮೊದಲು ನಾನು ಒಬ್ಬ ದರ್ಜಿಯ ಅಂಗಡಿಯಲ್ಲಿದ್ದೆ. ನನ್ನ ಮೇಲೆ ಖಣದ ಬಟ್ಟೆ ಹಾಸಿ ಕುಪ್ಪಸ ಕತ್ತರಿಸುತ್ತಿದ್ದರು. ಬಟ್ಟೆ ತಣ್ಣಗಿರುತ್ತದೆ, ಹಗುರವಾಗಿರುತ್ತದೆ, ಅದಕ್ಕೆ ಯಾವ ಭಯವೂ ಇಲ್ಲ. ಆತ ಅಂಗಡಿ ಮುಚ್ಚಿದ ಮೇಲೆ ಕೌಜಲಗಿ ಡಾಕ್ಟರು ನನ್ನನ್ನು ಕೊಂಡರು. ಅವರು ದನಕರುಗಳ ಸರಕಾರಿ ಕೆಲಸದಿಂದ ನಿವೃತ್ತರಾಗಿ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಾಕುಪ್ರಾಣಿಗಳಿಗೆಂದು ಸಣ್ಣ ದವಾಖಾನೆ ಇಟ್ಟಿದ್ದರು. ನನ್ನ ಮೈಗೆ ತಗಡು ಹೊಡೆಸಿದ ದಿನವೇ ಒಂದು ಬೆಕ್ಕನ್ನು ತಂದು ನನ್ನ ಮೇಲಿಟ್ಟರು. ಜೀವವಿರುವ ಒಂದು ಭಾರವನ್ನು ನಾನು ಹೊತ್ತದ್ದು ಅದೇ ಮೊದಲು. ಅದರ ನಡುಕ ತಗಡಿನಿಂದ ಹಲಗೆಗೆ ಇಳಿದು ನನ್ನ ನಾಲ್ಕೂ ಕಾಲುಗಳಲ್ಲಿ ಹರಿಯಿತು.

ಆಮೇಲೆ ನನಗೆ ಗೊತ್ತಾಯಿತು, ನನ್ನ ಮೇಲೆ ಬಂದವೆಲ್ಲ ನಡುಗುತ್ತವೆ. ಸಿಂಹದಂಥ ನಾಯಿಯೂ ನಡುಗುತ್ತದೆ, ಬೈಯುವುದನ್ನು ಕಲಿತ ಗಿಳಿಯೂ ನಡುಗುತ್ತದೆ.

ಡಾಕ್ಟರದು ಮೆತ್ತನೆಯ ಕೈ, ಖಾರದ ನಾಲಿಗೆ. "ಮನಷ್ಯಾರ ಜ್ವರದ ಗುಳಿಗಿ ಬೆಕ್ಕಿಗೆ ಹಾಕ್ತಾರೇನ್ರೀ ಯಾರಾದ್ರೂ? ಅರ್ಧ ಗುಳಿಗಿ ಸಾಕು, ಬೆಕ್ಕು ಸಾಯ್ತದ" ಎಂದು ಒಬ್ಬ ಮಾಸ್ತರರನ್ನು ಗದರಿದ್ದರು. ಉಣ್ಣಿ ಆದ ನಾಯಿಗೆ ಸೀಮೆಎಣ್ಣೆ ಸವರಿ ತಂದವರಿಗೆ, "ನಿಮಗ ಹೇನಾದ್ರ ಮೈಗೆಲ್ಲ ಸೀಮೆಎಣ್ಣಿ ಸುರಕೋತೀರೇನು?" ಎಂದು ಕೇಳಿ, ಚಿಮಟದಿಂದ ಉಣ್ಣಿಯನ್ನು ತಲೆಯ ಬುಡದಲ್ಲಿ ಹಿಡಿದು ನೆಟ್ಟಗೆ ಎಳೆಯುವುದನ್ನು ತೋರಿಸುತ್ತಿದ್ದರು. ಬೇಯಿಸಿದ ಕೋಳಿ ಎಲುಬು ಹಾಕಬೇಡಿ, ಚಾಕಲೇಟು ಕೊಡಬೇಡಿ, ಜಂತಿನ ಔಷಧಿ ಮರೆಯಬೇಡಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಎಲ್ಲ ಹೇಳಿ ಮುಗಿಸಿದ ಮೇಲೆ ನನ್ನ ತಗಡಿನ ಮೇಲೆ ಬೆರಳಿನಿಂದ ಕುಟ್ಟಿ ಒಂದು ಮಾತು ಕೇಳುತ್ತಿದ್ದರು: "ಹುಚ್ಚುನಾಯಿ ರೋಗದ ಲಸಿಕಿ ಹಾಕಿಸೀರೋ ಇಲ್ಲೋ?"

ಮಾನಿಂಗಪ್ಪನನ್ನೂ ಅವರು ಹಾಗೆಯೇ ಕೇಳಿದ್ದರು.

ಮಾನಿಂಗಪ್ಪ ನೇಕಾರ, ಹಳೆಯ ಪೈಲ್ವಾನ. ಅವನು ಒಳಗೆ ಬಂದರೆ ನೆಲದ ಕಲ್ಲು ಅದುರುವುದು ನನಗೆ ತಿಳಿಯುತ್ತಿತ್ತು. ಅವನ ಹೆಂಡತಿ ಕಸ್ತೂರೆವ್ವ ಸಣ್ಣ ಮೈಯವಳು. ರೇಷ್ಮೆ ಎಳೆ ಕೊಯ್ದು ಕೊಯ್ದು ಅವಳ ಬೆರಳುಗಳಲ್ಲಿ ಯಾವಾಗಲೂ ಹಸಿ ಗೀರುಗಳಿರುತ್ತಿದ್ದವು. ಅವರಿಗೆ ಮಕ್ಕಳಿರಲಿಲ್ಲ. ಮಿಂಚಿ ಎಂಬ ಹೆಣ್ಣು ನಾಯಿ ಇತ್ತು, ಮುಧೋಳದ ತಳಿ, ಬೆತ್ತದಂಥ ಮೈ. ಡಾಕ್ಟರು ಲಸಿಕೆಯ ಮಾತು ತೆಗೆದಾಗ ಮಾನಿಂಗಪ್ಪ ನಕ್ಕಿದ್ದ. "ನಮ್ಮ ಮಿಂಚಿ ಹೊಸ್ತಿಲ ದಾಟೂದಿಲ್ರೀ. ಆಕಿಗೆ ಯಾವ ನಾಯಿ ಕಡೀಬೇಕು?"

"ಹೊಸ್ತಿಲ ಆಕಿ ದಾಟೂದಿಲ್ಲ ಖರೆ. ಬ್ಯಾರೆ ನಾಯಿ ದಾಟಿ ಒಳಗ ಬರೂದಿಲ್ಲಂತ ಏನ್ ಗ್ಯಾರಂಟಿ? ಹಾಕಿಸ್ರಿ."

"ಮುಂದಿನ ವಾರ ಬರ್ತೀನ್ರೀ" ಎಂದು ಹೋದವನು ಬರಲಿಲ್ಲ.

ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಓಣಿಯಲ್ಲಿ ಮಗ್ಗಗಳ ಸದ್ದು ನಿಂತಿತ್ತು, ಕರೆಂಟು ಹೋಗಿತ್ತು. ಮಾನಿಂಗಪ್ಪ ಮಿಂಚಿಯನ್ನು ಎರಡೂ ತೋಳಲ್ಲಿ ಎತ್ತಿ ತಂದು ನನ್ನ ಮೇಲೆ ಮಲಗಿಸಿದ. ಅದರ ಕೆಳದವಡೆ ಜೋತುಬಿದ್ದಿತ್ತು. ಜೊಲ್ಲು ತಗಡಿನ ಅಂಚಿನಿಂದ ದಾರದ ಹಾಗೆ ಇಳಿಯುತ್ತಿತ್ತು.

"ಗಂಟಲಾಗ ಎಲುಬು ಸಿಕ್ಕೈತ್ರೀ ಸಾಹೇಬ್ರ" ಎಂದಳು ಕಸ್ತೂರೆವ್ವ. "ನಿನ್ನಿಯಿಂದ ಬಾಯಿ ಮುಚ್ಚವಲ್ಲದು. ನಾ ಕೈ ಹಾಕಿ ಹುಡಿಕಿದ್ನಿ, ಏನೂ ಸಿಗಲಿಲ್ಲ."

ಡಾಕ್ಟರು ಚಾಚಿದ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು.

ನನಗೆ ಅದಕ್ಕೂ ಮೊದಲೇ ಗೊತ್ತಾಗಿತ್ತು. ಮಿಂಚಿ ನಡುಗುತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ನಡುಗದೆ ನನ್ನ ಮೇಲೆ ಮಲಗಿದ ಮೊದಲ ಪ್ರಾಣಿ ಅದು. ಅದರ ತಲೆ ನಿಧಾನವಾಗಿ ಎಡಕ್ಕೆ, ಆಮೇಲೆ ಮೇಲಕ್ಕೆ, ಆಮೇಲೆ ಬಾಗಿಲ ಮೂಲೆಯತ್ತ ತಿರುಗುತ್ತಿತ್ತು. ಹಾರುವ ನೊಣವನ್ನು ನೋಡುವ ಹಾಗೆ ನೋಡುತ್ತಿತ್ತು. ಅಲ್ಲಿ ನೊಣವಿರಲಿಲ್ಲ. ಆಮೇಲೆ ಅದು ಒಮ್ಮೆ ಕೂಗಿತು. ಅದು ಮಿಂಚಿಯ ದನಿಯಾಗಿರಲಿಲ್ಲ. ಯಾವ ನಾಯಿಯ ದನಿಯೂ ಆಗಿರಲಿಲ್ಲ. ಒಡೆದ ಕೊಳವೆಯೊಳಗಿಂದ ಗಾಳಿ ಎಳೆದ ಹಾಗಿತ್ತು.

"ಇಬ್ಬರೂ ಹಿಂದಕ್ಕ ಸರೀರಿ" ಎಂದರು ಡಾಕ್ಟರು, ಬಹಳ ಮೆಲ್ಲಗೆ. "ಇದು ಎಲುಬಲ್ಲ. ಕಸ್ತೂರೆವ್ವ, ನಲ್ಲಿ ಬಿಟ್ಟು ಕೈ ತೊಳೀರಿ. ಸಾಬೂನು ಹಚ್ಚಿ, ಕಾಲು ತಾಸು ನೀರು ಹರೀಲಿ. ನಾ ಸಾಕು ಅನ್ನೂ ತನಕ ಬಿಡಬ್ಯಾಡ್ರಿ. ಮಾನಿಂಗಪ್ಪ, ನಿಮಗೇನರ ತಾಗೇತೇನು?"

"ನನಗೇನ್ ತಾಗ್ತದ್ರೀ" ಎಂದು ಮಾನಿಂಗಪ್ಪ ನಕ್ಕ.

ನಾನು ಕೆಳಗಿನಿಂದ ಅವನ ಕೈ ನೋಡುತ್ತಿದ್ದೆ. ನಾಯಿಯನ್ನು ಇಳಿಸುವಾಗ ಅದರ ಹಲ್ಲು ಅವನ ಮಣಿಕಟ್ಟಿನ ಒಳಬದಿಗೆ ಗೀರಿತ್ತು. ಕೂದಲೆಳೆಯಷ್ಟು ತೆಳು ಗೆರೆ. ಅದರ ಮೇಲೆ ಜೊಲ್ಲು ಹೊಳೆಯುತ್ತಿತ್ತು. ಅವನು ಅದನ್ನು ನೋಡಿದ. ನೋಡಿ, ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ.

ನನಗೆ ಬಾಯಿಲ್ಲ. ಆ ದಿನ ಅದು ಬೇಕಾಗಿತ್ತು.

"ತಾಗಿರಲಿ, ಬಿಡಲಿ, ಈಗಿಂದೀಗ ಇಬ್ಬರೂ ಸರಕಾರಿ ದವಾಖಾನಿಗೆ ಹೋಗ್ರಿ, ಸೂಜಿ ಹಾಕಿಸ್ಕೊರಿ" ಎಂದರು ಡಾಕ್ಟರು. "ಈ ರೋಗ ತಲಿಗೆ ಏರಿದ ಮ್ಯಾಲ ಔಷಧಿ ಇಲ್ಲ. ಏರೂಕಿಂತ ಮೊದಲ ಆದ್ರ ಸೂಜಿ ಸಾಕು. ತಿಳೀತೇನು?"

ಮಿಂಚಿ ಮರುದಿನ ಹಿಂದಿನ ಕೋಣೆಯಲ್ಲಿ ಸತ್ತಿತು. ತಪಾಸಣೆಯಿಂದ ಬಂದ ಉತ್ತರವೂ ಹುಚ್ಚುನಾಯಿ ರೋಗವೆಂದೇ ಹೇಳಿತು.

ಡಾಕ್ಟರು ನನ್ನನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರು, ಬಿಸಿಲಿಗೆ ಒಯ್ದು ನಿಲ್ಲಿಸಿದರು, ಮತ್ತೆ ತಿಕ್ಕಿದರು. ರೋಗದ ಹನಿಯೂ ಉಳಿದಿರಲಿಲ್ಲ. ಆದರೂ ಅಂದಿನಿಂದ ಯಾವ ನಾಯಿಯೂ ನನ್ನ ಮೇಲೆ ಬರಲೊಪ್ಪಲಿಲ್ಲ. ಬಾಗಿಲಲ್ಲಿಯೇ ನಾಲ್ಕೂ ಕಾಲೂರಿ ನಿಲ್ಲುತ್ತಿದ್ದವು, ಬೆನ್ನ ಕೂದಲು ನಿಗುರುತ್ತಿತ್ತು. ಬೆಕ್ಕುಗಳು ನನ್ನ ಬರಿದಾದ ತಗಡನ್ನು ನೋಡಿ, ಅಲ್ಲಿ ಯಾರೋ ಮಲಗಿರುವ ಹಾಗೆ, ಬುಸುಗುಡುತ್ತಿದ್ದವು. "ಪುಡಿಯ ವಾಸನಿ ಹೊಡಿತದ, ಅದಕ್ಕ ಹಂಗ ಮಾಡ್ತಾವ" ಎಂದು ಡಾಕ್ಟರು ಜನರಿಗೆ ಹೇಳುತ್ತಿದ್ದರು. ನೆಲದ ಮೇಲೆ ಗೋಣಿತಟ್ಟು ಹಾಸಿ, ಕುಕ್ಕುರುಗಾಲಲ್ಲಿ ಕೂತು ಚಿಕಿತ್ಸೆ ಮಾಡುತ್ತಿದ್ದರು.

ಅವರು ಊಟಕ್ಕೆ ಹೋದಾಗ ದವಾಖಾನೆಗೆ ಕೀಲಿ ಹಾಕುತ್ತಿದ್ದರು. ಆ ಹೊತ್ತಿನಲ್ಲಿ, ಹೊರಗೆ ಉರಿಬಿಸಿಲು ಬಿದ್ದಿರುವಾಗ, ನನ್ನ ಮೇಲೆ ಒಂದು ಭಾರ ಬಂದು ಮಲಗುತ್ತಿತ್ತು. ತೆಳ್ಳನೆಯ ಮೈಯ ಭಾರ. ಅದು ನಡುಗುತ್ತಿರಲಿಲ್ಲ. ತಲೆ ಮಾತ್ರ ನಿಧಾನವಾಗಿ ಆ ಕಡೆ ಈ ಕಡೆ ತಿರುಗುವುದು ನನಗೆ ತಿಳಿಯುತ್ತಿತ್ತು. ಕೀಲಿಯ ಸದ್ದಾದ ಕೂಡಲೇ ಹಗುರಾಗುತ್ತಿತ್ತು. ಇದು ನಿಜವೋ, ಬಿಸಿಲಿಗೆ ನನ್ನ ಹಲಗೆ ಉಬ್ಬುತ್ತಿತ್ತೋ, ನಾನು ಹೇಳಲಾರೆ. ತಿಳಿದದ್ದನ್ನು ಹೇಳುತ್ತಿದ್ದೇನೆ, ಅಷ್ಟೆ.

ಕಸ್ತೂರೆವ್ವ ಸೂಜಿ ಹಾಕಿಸಿಕೊಂಡ ದಿನಗಳಲ್ಲಿ ತಪ್ಪದೆ ಡಾಕ್ಟರ ಬಳಿ ಬರುತ್ತಿದ್ದಳು. ಸ್ಟೂಲಿನ ಮೇಲೆ ಕೂತು ಒಂದು ಲೋಟ ನೀರು ಕೇಳುತ್ತಿದ್ದಳು. ಡಾಕ್ಟರು ಕೊಟ್ಟ ಲೋಟವನ್ನು ನನ್ನ ಅಂಚಿನ ಮೇಲಿಟ್ಟು ಅದನ್ನೇ ನೋಡುತ್ತ ಕೂಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿಯುತ್ತಿದ್ದಳು. ಗಂಟಲಿನಿಂದ ಇಳಿದ ಮೇಲೆ ಉಸಿರು ಬಿಡುತ್ತಿದ್ದಳು.

"ಮನ್ಯಾಗ ಕುಡೀಬಾರದೇನವಾ?"

"ಹೆದರಿಕಿ ಬರ್ತದ್ರೀ. ಈ ರೋಗ ಬಂದವರಿಗೆ ನೀರು ಇಳಿಯೂದಿಲ್ಲಂತಲ್ಲ. ಇಳೀಲಿಲ್ಲಂದ್ರ ಅವರ ಮುಂದ ಏನ್ ಮಾಡ್ಲಿ? ನಿಮ್ಮ ಮುಂದ ಇಳೀತಂದ್ರ ಧೈರ್ಯ."

"ಸೂಜಿ ಎಲ್ಲಾ ಹಾಕಿಸ್ಕೊಂಡೀರಿ, ನಿಮಗೇನೂ ಆಗೂದಿಲ್ಲ. ಮಾನಿಂಗಪ್ಪ?"

"ಅವರೂ ಹಾಕಿಸ್ಕೊಂಡಾರ್ರೀ. ನಾ ಹೆಣ್ಣಮಕ್ಕಳ ಸಾಲಿನ್ಯಾಗ ನಿಂತಿರ್ತೀನಿ, ಅವರು ಆ ಕಡೆ ಹೋಗಿ ಬರ್ತಾರ."

ನನ್ನ ಅಂಚಿನ ಮೇಲಿನ ಲೋಟದ ನೀರು ಆಗ ಅಲುಗಿತು. ಯಾರೂ ಮುಟ್ಟಿರಲಿಲ್ಲ.

ಸುಗ್ಗಿಯ ಹೊತ್ತಿಗೆ ಮಾನಿಂಗಪ್ಪ ಒಬ್ಬನೇ ಬಂದ. ಎದೆಗೆ ಅವುಚಿಕೊಂಡು ಒಂದು ನಾಯಿಮರಿ ತಂದಿದ್ದ. ಹೆಂಡತಿಯ ಬೇಸರ ಕಳೆಯಲೆಂದು ತಂದ ಮರಿ. "ಇದಕ್ಕ ಮೊದಲ ಲಸಿಕಿ ಹಾಕ್ರೀ ಸಾಹೇಬ್ರ. ಇನ್ನ ತಪ್ಪು ಮಾಡೂದಿಲ್ಲ" ಎಂದ.

ಮರಿ ಅವನ ತೋಳಿನಲ್ಲಿ ನಿಲ್ಲುತ್ತಿರಲಿಲ್ಲ. ಕುಂಯ್‌ಗುಡುತ್ತ, ಅವನ ಎದೆಯನ್ನು ಪಂಜದಿಂದ ತಳ್ಳುತ್ತ, ನನ್ನ ಕಡೆ ಚಾಚುತ್ತಿತ್ತು. ಎಷ್ಟೋ ತಿಂಗಳುಗಳಿಂದ ಒಂದು ನಾಯಿಯೂ ಏರದ ನನ್ನ ಮೇಲೆ ಅದು ತಾನಾಗಿಯೇ ಜಿಗಿಯಿತು. ಜಿಗಿದು ಡಾಕ್ಟರ ಕಡೆಯ ಅಂಚಿಗೆ ಹೋಗಿ, ಒಡೆಯನಿಂದ ಆದಷ್ಟು ದೂರ ಮುದುಡಿ ಕೂತಿತು.

ಡಾಕ್ಟರು ಸೆಖೆಯೆಂದು ಫ್ಯಾನು ಹಾಕಿದರು. ಗಾಳಿ ತಾಕಿದ್ದೇ ಮಾನಿಂಗಪ್ಪನ ಕುತ್ತಿಗೆ ಎಳೆದುಕೊಂಡಿತು. ಯಾರೋ ಹಿಂದಿನಿಂದ ಹಗ್ಗ ಬಿಗಿದ ಹಾಗೆ. ಅವನ ಎರಡೂ ಕೈ ನನ್ನ ಅಂಚನ್ನು ಹಿಡಿದವು.

ಡಾಕ್ಟರು ಅವನನ್ನು ನೋಡಿದರು. ಫ್ಯಾನು ಆರಿಸಿದರು. ರೆಕ್ಕೆಗಳು ತಿರುಗುವುದು ನಿಲ್ಲುವ ತನಕ ಕಾದರು.

"ಎಷ್ಟು ದಿನಾತು?"

"ನಿನ್ನಿಯಿಂದ್ರೀ. ಮಣಿಕಟ್ಟು ಉರೀತದ. ನೀರು... ನೀರು ಅಂದ್ರ ಗಂಟಲ ಹಿಡೀತದ." ಅವನು ತೋಳು ಮಡಚಿ ಮಣಿಕಟ್ಟು ತೋರಿಸಿದ. ಗೀರು ಮಾಯ್ದು ಗುರುತೂ ಉಳಿದಿರಲಿಲ್ಲ. ಆದರೂ ಅವನ ಬೆರಳು ಸರಿಯಾಗಿ ಅದೇ ಜಾಗವನ್ನು ಮುಟ್ಟಿತು.

"ಸೂಜಿ?"

"ಹಾಕಿಸ್ಕೊಂಡಿಲ್ರೀ."

"ಯಾಕೋ?" ಡಾಕ್ಟರು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಹೆದರಿದ್ನ್ರೀ" ಎಂದ ಆ ದೊಡ್ಡ ಮನುಷ್ಯ. "ಸಣ್ಣಂವ ಇದ್ದಾಗ ನಮ್ಮ ಕಾಕಾಗ ಹೊಟ್ಟಿಗೆ ಸೂಜಿ ಹಾಕೂದು ನೋಡಿದ್ನಿ. ಆಗಿಂದ ಸೂಜಿ ಕಂಡ್ರ ಕಾಲು ಕುಸಿದು ಬೀಳ್ತೀನಿ. ಊರಾಗಿನ ಪೈಲ್ವಾನ ಸೂಜಿಗೆ ಹೆದರ್ತಾನಂತ ಯಾರ ಮುಂದ ಹೇಳ್ಲಿ? ದವಾಖಾನಿ ಹಿಂದಿನ ಬೇವಿನ ಗಿಡದ ಕೆಳಗ ನಿಂತು ಬರ್ತಿದ್ನಿ."

"ಈಗ ಹೊಟ್ಟಿಗೆ ಹಾಕೂದಿಲ್ಲೋ ಮಾರಾಯಾ. ತೋಳಿಗೆ ಹಾಕ್ತಾರ. ಇರುವಿ ಕಡದಂಗ ಆಗ್ತದ, ಅಷ್ಟ."

ಮಾನಿಂಗಪ್ಪ ಮರಿಯ ಕಡೆ ನೋಡಿದ. "ಮರಿಗೆ ಹಾಕ್ರಿ" ಎಂದ. "ನಾ ನೋಡ್ತೀನಿ."

ಡಾಕ್ಟರು ಮರಿಯ ಕುತ್ತಿಗೆಯ ಸಡಿಲು ಚರ್ಮ ಎತ್ತಿ ಸೂಜಿ ಚುಚ್ಚಿದರು. ಮರಿ ಕುಂಯ್ ಅನ್ನಲೂ ಇಲ್ಲ. ಮಾನಿಂಗಪ್ಪ ಕಣ್ಣು ಮಿಟುಕಿಸದೆ ಅದನ್ನು ನೋಡಿದ. ಅವನ ನಡುಕ ನನ್ನೊಳಗೆ ಇಳಿಯುತ್ತಿತ್ತು. ನನ್ನ ಮೇಲೆ ಬಂದ ಸಾವಿರ ಪ್ರಾಣಿಗಳ ನಡುಕದ ಹಾಗೆಯೇ ಇತ್ತು ಅದು, ಬೇರೆಯೇನಲ್ಲ.

ಡಾಕ್ಟರೇ ಅವನನ್ನು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದೊಯ್ದರು. ಕಸ್ತೂರೆವ್ವ ಅವನ ಕೊನೆಯುಸಿರಿನ ತನಕ ಕೈ ಹಿಡಿದೇ ಕೂತಿದ್ದಳಂತೆ. ಡಾಕ್ಟರು ನಾಲ್ಕು ದಿನ ಬಿಟ್ಟು ಒಬ್ಬರೇ ತಿರುಗಿ ಬಂದು, ಬಾಗಿಲು ತೆರೆದು, ನನ್ನ ಮೇಲೆ ಹಣೆ ಇಟ್ಟು ಬಹಳ ಹೊತ್ತು ಕೂತರು.

ವಿಚಿತ್ರವೆಂದರೆ, ಅಂದಿನಿಂದ ಪ್ರಾಣಿಗಳು ಮತ್ತೆ ನನ್ನ ಮೇಲೆ ಬರತೊಡಗಿದವು. ಮಧ್ಯಾಹ್ನದ ಭಾರವೂ ಬರಲಿಲ್ಲ. ಮಿಂಚಿ ಯಾರಿಗಾಗಿಯೋ ಕಾಯುತ್ತಿತ್ತೇ, ಅವನು ಬಂದ ಮೇಲೆ ಜೊತೆಗೆ ಹೊರಟಿತೇ? ಡಾಕ್ಟರನ್ನು ಕೇಳಿದ್ದರೆ ಪುಡಿಯ ವಾಸನೆ ಹೋಯಿತು ಎನ್ನುತ್ತಿದ್ದರು. ಇರಬಹುದು.

ಮುಂದೆ ಡಾಕ್ಟರ ಕಣ್ಣು ಮಂದವಾದವು. ದವಾಖಾನೆ ಒಬ್ಬ ತರುಣ ಡಾಕ್ಟರಿಗೆ ಹೋಯಿತು, ಹೊಸ ಸ್ಟೀಲಿನ ಮೇಜು ಬಂತು. ನನ್ನನ್ನು ಹಿತ್ತಲಿಗೆ ಹಾಕಿದರು. ಕಸ್ತೂರೆವ್ವ ಕೇಳಿ ಒಯ್ದಳು. ಊರವರು, "ಅದರ ಮ್ಯಾಲ ಹುಚ್ಚುನಾಯಿ ಮಲಗಿತ್ತವಾ, ಬ್ಯಾಡ" ಎಂದರೂ ಕೇಳಲಿಲ್ಲ. ಈಗ ನಾನು ಅವಳ ಪಡಸಾಲೆಯ ಕಿಟಕಿಯ ಕೆಳಗಿದ್ದೇನೆ. ನನ್ನ ಮೇಲೆ ನೂಲಿನ ಉಂಡೆಗಳಿವೆ. ತಗಡು ತುಕ್ಕು ಹಿಡಿದಿದೆ, ಒಂದು ಕಾಲಿಗೆ ಗೆದ್ದಲು ತಗುಲಿದೆ. ಮರಿಯಾಗಿ ಬಂದ ನಾಯಿ ದೊಡ್ಡದಾಗಿ, ಮುದಿಯಾಗಿ, ನನ್ನ ಅಡಿಯಲ್ಲಿ ನಿದ್ದೆ ಮಾಡುತ್ತದೆ.

ಭಯಪಡುವುದು ತಪ್ಪೆಂದು ನನಗೆ ಯಾವತ್ತೂ ಅನಿಸಿಲ್ಲ. ನಾಯಿಬೆಕ್ಕುಗಳು ಎಲ್ಲರೆದುರು ನಡುಗಿ, ಔಷಧಿ ಹಾಕಿಸಿಕೊಂಡು, ಬಾಲ ಅಲ್ಲಾಡಿಸುತ್ತ ಮನೆಗೆ ಹೋಗುತ್ತಿದ್ದವು. ಭಯವನ್ನು ಅಂಗಿಯ ತೋಳಿನೊಳಗೆ ಮುಚ್ಚಿಟ್ಟವನು ಒಬ್ಬನೇ.

ಮೊನ್ನೆ ಓಣಿಯ ಸಂಗಪ್ಪ ಬಂದಿದ್ದ. ಟಂಟಂ ರಿಕ್ಷಾ ಓಡಿಸುವವನು, ಗಟ್ಟಿ ದನಿಯವನು. ಅವತ್ತು ದನಿ ಸಣ್ಣಗಿತ್ತು. "ಕಸ್ತೂರಕ್ಕ, ನಮ್ಮ ನಾಯಿ ಎರಡು ದಿನದಿಂದ ಮಂಕಾಗೇತಿ. ನಾಟಿ ಔಷಧಿ ಕೊಡವರು ಅಗಸಿ ಹತ್ರ ಅದಾರಂತಲ್ಲ, ಹೌದೇನು?"

ಅವನ ಬಲಗೈಗೆ ಟವೆಲ್ ಸುತ್ತಿತ್ತು.

"ನಾಯೀದು ಆಮ್ಯಾಗ" ಎಂದಳು ಕಸ್ತೂರೆವ್ವ. "ಟವೆಲ್ ಬಿಚ್ಚು."

"ಏನಿಲ್ಲಕ್ಕ. ಬರೇ ಹಲ್ಲು ತಾಗೇತಿ."

ಅವಳು ಬೈಯಲಿಲ್ಲ, ಗಂಡನ ಕಥೆಯನ್ನೂ ಹೇಳಲಿಲ್ಲ. ಬಚ್ಚಲಿಗೆ ಕರೆದೊಯ್ದು, ಸಾಬೂನು ಹಚ್ಚಿ, ನಲ್ಲಿಯ ನೀರಿನಡಿ ಅವನ ಕೈಯನ್ನು ಕಾಲು ತಾಸು ಹಿಡಿದು ನಿಂತಳು. ಆಮೇಲೆ ಕೇಳಿದಳು: "ಸೂಜಿಗೆ ಹೆದರ್ತಿಯೇನು?"

ಸಂಗಪ್ಪ ಬಾಗಿಲತ್ತ ನೋಡಿದ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. "ಹೂಂ" ಎಂದ.

"ನಾನೂ ಹೆದರಿದ್ನಿ. ನಡಿ."

ಅವಳು ಚಪ್ಪಲಿ ಮೆಟ್ಟಿದಳು, ಹೊರಗಿನಿಂದ ಚಿಲಕ ಹಾಕಿದಳು. ಕಿಟಕಿಯ ಕೆಳಗೆ ನಾನು ಕಾಲಸಪ್ಪಳ ಆಲಿಸುತ್ತಿದ್ದೆ. ನಮ್ಮ ಓಣಿ ಮುಗಿಯುವಲ್ಲಿ ಎಡಕ್ಕೆ ಹೋದರೆ ನಾಟಿ ಔಷಧಿಯವರಿರುವ ಊರಬಾಗಿಲು, ಅಗಸಿ; ಬಲಕ್ಕೆ ಹೋದರೆ ಸರಕಾರಿ ದವಾಖಾನೆ. ಅಲ್ಲಿ ದೊಡ್ಡ ಪಾದಗಳು ನಿಂತವು. ಸಣ್ಣ ಪಾದಗಳೂ ನಿಂತು ಕಾದವು. ಆಮೇಲೆ ಎರಡೂ ಜೋಡಿ, ಒಟ್ಟಿಗೇ, ಬಲಕ್ಕೆ ತಿರುಗಿದವು.