ಮಂಡಕ್ಕಿ ಸೇರು ಕಟಕಟೆಗೆ ಹೋದದ್ದು

ನಾನು ಒಂದು ಸೇರು. ಹೆಸರಿಗೆ ಸೇರು, ಹಿಡಿಯುವುದು ಒಂದು ಲೀಟರು. ದಾವಣಗೆರೆಯಲ್ಲಿ ಹಳೆಯ ಹೆಸರುಗಳು ಬೇಗ ಸಾಯುವುದಿಲ್ಲ. ಹಿತ್ತಾಳೆ ತಗಡನ್ನು ಬಗ್ಗಿಸಿ, ಬೆಸೆದು, ಬಾಯಿಗೆ ದಪ್ಪ ಅಂಚು ಕಟ್ಟಿ ನನ್ನನ್ನು ಮಾಡಿದವನು ಮಾತು ಕಡಿಮೆಯ ಮನುಷ್ಯ. ನೀರು ತುಂಬಿ ಅಳೆದು ನೋಡಿದ, ತಲೆಯಾಡಿಸಿದ, ಪಕ್ಕಕ್ಕಿಟ್ಟ. ಹುಟ್ಟಿದಾಗ ನಾನು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ತನ್ನ ಮೇಲೆ ತನಗೇ ನಂಬಿಕೆಯಿಲ್ಲದ ಅಳತೆ ಯಾರಿಗೆ ಬೇಕು?

ನನ್ನನ್ನು ಕೊಂಡವಳು ಹುಸೇನಬಿ. ಮಂಡಕ್ಕಿ ಹುರಿಯುವ ಭಟ್ಟಿಗಳ ಓಣಿಯ ತುದಿಯಲ್ಲಿ ಅವಳ ಅಂಗಡಿ. ಅಲ್ಲಿ ಮಂಡಕ್ಕಿಯನ್ನು ತೂಗಿ ಮಾರಿದರೆ ಜನ ನಗುತ್ತಾರೆ. ಗಾಳಿಯನ್ನು ಯಾರಾದರೂ ತೂಗುತ್ತಾರೆಯೇ? ಅಳೆದೇ ಕೊಡಬೇಕು. ಅಳೆದ ಮೇಲೆ ಒಂದು ಬೊಗಸೆ ಕೊಸರು ಹಾಕಬೇಕು. ಕೊಸರು ಹಾಕದ ಅಂಗಡಿಗೆ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಭಟ್ಟಿಯಿಂದ ಬಿಸಿ ಮಂಡಕ್ಕಿ ಇಳಿದ ಕೂಡಲೇ ಹುಸೇನಬಿ ನನ್ನನ್ನು ಬೋರಲು ಹಿಡಿದು, ಕಬ್ಬಿಣದ ಸೌಟಿನಿಂದ ತಳಕ್ಕೆ ಬಡಿಯುತ್ತಿದ್ದಳು. ಆ ಸದ್ದಿಗೆ ಜನ ಚೀಲ ಹಿಡಿದು ಬರುತ್ತಿದ್ದರು. ಸೇರನ್ನೇ ತಮಟೆ ಮಾಡಿಕೊಳ್ಳುವುದು ಆ ಓಣಿಯ ರೂಢಿ. ನನಗೂ ಅದು ಹಿತವಾಗಿಯೇ ಇತ್ತು. ಆದರೆ ವರ್ಷಗಳು ಕಳೆದಂತೆ ನನ್ನ ತಳ ಮೆಲ್ಲಗೆ ಒಳಕ್ಕೆ ಉಬ್ಬಿತು. ದಿನಾ ಮುಟ್ಟುವ ಕೈಗೆ ಅದು ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಅಳತೆ ಇಲಾಖೆಯ ಅಧಿಕಾರಿ ಕೊಟ್ರಬಸಪ್ಪನವರು ಗಿರಾಕಿಯಂತೆ ಬಂದು ಮಂಡಕ್ಕಿ ಕೊಂಡರು. ಆಮೇಲೆ ತಾವು ಯಾರೆಂದು ಹೇಳಿ, ನನ್ನನ್ನು ತುಂಬಿಸಿ, ಪಟ್ಟಿಯಿಂದ ಬಾಯಿಯ ಮಟ್ಟಕ್ಕೆ ಸವರಿ, ತಮ್ಮ ಪಾತ್ರೆಗೆ ಸುರಿದರು. ಒಂದು ಹಿಡಿಯಷ್ಟು ಕಡಿಮೆ ಬಂತು. ಒಳಗೆ ಕೈಹಾಕಿ ಉಬ್ಬನ್ನು ಮುಟ್ಟಿ ನೋಡಿದರು.

"ಮೋಸ ಮಾಡಾಕ ತಳ ಎತ್ತಿಸೀಯೇನಮ್ಮಾ?"

ಹುಸೇನಬಿ ಏನೋ ಹೇಳಹೋದಳು. ವಿಚಾರಣೆಯ ದಿನ ಹೇಳು ಎಂದು, ನನ್ನನ್ನು ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿಸಿದರು.

ವಿಚಾರಣೆಯ ದಿನ ಗಂಟಿನೊಳಗಿಂದಲೇ ದನಿ ಗುರುತಿಸಿದೆ, ಮೇಜಿನಾಚೆ ಕೂತಿದ್ದವರೂ ಕೊಟ್ರಬಸಪ್ಪನವರೇ. ಹಿಡಿದವರು ಅವರು, ದೂರು ಬರೆದವರು ಅವರು, ತೀರ್ಪು ಕೊಡುವವರೂ ಅವರೇ. ಕೆಟ್ಟವರೇನಲ್ಲ, ಅವಳನ್ನು ಕೂರಿಸಿ ಕುಡಿಯಲು ನೀರು ಕೊಟ್ಟರು. ಆದರೆ ಆ ಕೋಣೆಯಲ್ಲಿ ಆಗಲೇ ತೀರ್ಮಾನವಾಗಿಬಿಟ್ಟ ಸಂಗತಿಯ ಮೌನವಿತ್ತು. ಅವಳು ಎಷ್ಟು ಮಾತಾಡಿದರೂ ಅದು ಕದಲಲಿಲ್ಲ. ತೀರ್ಪಿನವರೆಗೆ ಅಂಗಡಿ ಮುಚ್ಚಬೇಕು, ತಪ್ಪು ಸಾಬೀತಾದರೆ ಪರವಾನಗಿ ಹೋಯಿತು ಎಂದರು. ಓಣಿಯಲ್ಲಿ ಆಗಲೇ ತನ್ನನ್ನು 'ಕಳ್ಳ ಸೇರಿನ ಹುಸೇನಬಿ' ಎನ್ನುತ್ತಿದ್ದಾರೆಂದು ಅವಳು ಹೇಳಿದಳು. ಅಂಗಡಿ ಮುಚ್ಚುವ ಮಾತಿಗೆ ಇಳಿಯದ ಅವಳ ದನಿ ಅದನ್ನು ಹೇಳುವಾಗ ಇಳಿಯಿತು.

ತೀರ್ಪು ಬರುವ ಮೊದಲೇ ಸರ್ಕಾರದ ಆದೇಶ ಬಂತು. ಇನ್ನು ಇಲಾಖೆ ಹಿಡಿದ ಪ್ರಕರಣಗಳನ್ನು ಇಲಾಖೆಯೇ ತೀರ್ಮಾನಿಸುವಂತಿಲ್ಲ, ಎಲ್ಲರ ಮೊಕದ್ದಮೆಗಳು ನಡೆಯುವ ನ್ಯಾಯಾಲಯಕ್ಕೇ ಕಳಿಸಬೇಕು. ಕಚೇರಿಯ ಜವಾನ ನನ್ನ ಗಂಟನ್ನು ಎತ್ತಿಕೊಂಡು, "ಸೇರಿಗೂ ಕಟಕಟೆ ಯೋಗ ಬಂತ್ ನೋಡ್ರಿ ಸಾಹೇಬ್ರ" ಎಂದ. ಕೊಟ್ರಬಸಪ್ಪನವರು ನಗಲಿಲ್ಲ.

ಕೋರ್ಟಿನಲ್ಲಿ ಕೆಲಸ ನಿಧಾನ. ಮುದ್ದತಿನ ಮೇಲೆ ಮುದ್ದತು ಬಿದ್ದು ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಹುಸೇನಬಿ ಬೇಸತ್ತು, ತನ್ನ ಪರ ನಿಂತ ವಕೀಲೆ ಅನಸೂಯಾಗೆ, ಇಲಾಖೆಯಲ್ಲೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಮುಗಿಯುತ್ತಿತ್ತು ಎಂದಳು.

"ಹೌದು, ಮುಗೀತಿತ್ತು" ಎಂದಳು ಅನಸೂಯಾ. "ಅದರ ಜೊತಿಗೆ ನೀನೂ ಮುಗೀತಿದ್ದಿ."

ಕೊನೆಗೆ ನನ್ನ ಮುದ್ರೆ ಒಡೆದರು. ಬೆಳಕು ಕಂಡಾಗ ಸಾಕ್ಷಿ ಹೇಳಲು ಕಟಕಟೆಯಲ್ಲಿ ನಿಂತಿದ್ದವರು ಕೊಟ್ರಬಸಪ್ಪನವರು. ಕುರ್ಚಿಯಿಲ್ಲದೆ ನಿಂತದ್ದಕ್ಕೋ ಏನೋ, ಸ್ವಲ್ಪ ಕುಳ್ಳಗೆ ಕಂಡರು.

ಮೊದಲು ಅವಳು ಮಾರುವ ಹಾಗೆಯೇ ಅಳೆದು ತೋರಿಸಲಿ ಎಂದರು ನ್ಯಾಯಾಧೀಶರು. ಮಂಡಕ್ಕಿ ಚೀಲ ಬಂತು. ಹುಸೇನಬಿ ನನ್ನನ್ನು ಕೈಗೆತ್ತಿಕೊಂಡಳು.  ಚೀಲದೊಳಗೆ ಇಳಿಸಿದಳು. ಅಳೆದಳು, ಕೊಸರು ಹಾಕಿದಳು. ಎಲ್ಲವನ್ನೂ ಸರ್ಕಾರದ ಪಾತ್ರೆಗೆ ಸುರಿದಾಗ ಅದು ತುಂಬಿ, ಮೇಜಿನ ಮೇಲೂ ಚೆಲ್ಲಿತು. ಗುಮಾಸ್ತರು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡದ್ದನ್ನು ನಾನು ಮಾತ್ರ ನೋಡಿದೆ.

"ಕೋರ್ಟಿನಾಗ ಎಲ್ಲಾರ ಕೈನೂ ದೊಡ್ಡದಾಗ್ತೈತಿ ಸ್ವಾಮಿ" ಎಂದರು ಸರ್ಕಾರಿ ವಕೀಲರು. ಮಾತು ಸುಳ್ಳೆನ್ನುವಂತಿರಲಿಲ್ಲ. ಹುಸೇನಬಿಯ ಮುಖ ಬಾಡಿತು.

ಅನಸೂಯಾ ಕಟಕಟೆಯ ಕಡೆ ತಿರುಗಿದಳು. "ನೀವು ಯಾರಂತ ಹೇಳೋದಕ್ಕಿಂತ ಮೊದ್ಲು ಈಕೀ ಕಡೆ ಮಂಡಕ್ಕಿ ಕೊಂಡ್ರಿ. ಆವಾಗ ಕೊಸರು ಹಾಕಿದ್ಲಾ?"

ಅವರು ಸುಮ್ಮನಿದ್ದರು. ಇದು ಇಲಾಖೆಯ ಕೋಣೆಯ ಮೌನವಲ್ಲ. ಇಲ್ಲಿ ಎಲ್ಲರೂ ಒಂದು ಉತ್ತರಕ್ಕೆ ಕಾಯುತ್ತಿದ್ದರು, ನ್ಯಾಯಾಧೀಶರೂ ಪೆನ್ನು ಎತ್ತಿಹಿಡಿದು ಕಾಯುತ್ತಿದ್ದರು.

"ಹಾಕಿದ್ಲು" ಎಂದರು ಕೊಟ್ರಬಸಪ್ಪನವರು. "ಇವತ್ತು ಹಾಕಿದಷ್ಟಾ ಹಾಕಿದ್ಲು."

"ಮತ್ತ ಯಾಕ ಬರೀಲಿಲ್ರಿ?"

ಅವರು ನನ್ನನ್ನೇ ನೋಡುತ್ತಿದ್ದರು. "ಅಲ್ಲಿ ನನ್ನ ಕೇಳೋರು ಯಾರೂ ಇರ್ಲಿಲ್ರಿ."

ಹೇಳಿದ ಮೇಲೆ ಅವರ ಭುಜ ಸಡಿಲವಾಯಿತು. ಅವರೂ ಬಹಳ ದಿನದಿಂದ ಏನನ್ನೋ ಹೊತ್ತಿದ್ದಿರಬೇಕು.

ತೀರ್ಪಿನಲ್ಲಿ ಅವಳನ್ನೂ ನನ್ನನ್ನೂ ಬೇರೆ ಮಾಡಿದರು. ಸೇರು ಕಡಿಮೆ ಹಿಡಿಯುತ್ತದೆ, ಇನ್ನು ಬಳಸಕೂಡದು. ವ್ಯಾಪಾರಿ ತನ್ನ ಅಳತೆಯನ್ನು ನೋಡಿಕೊಳ್ಳಬೇಕಿತ್ತು. ಆದರೆ ಗಿರಾಕಿಗೆ ಕಡಿಮೆ ಕೊಟ್ಟಿಲ್ಲ, ಮೋಸದ ಉದ್ದೇಶವಿಲ್ಲ. ಇವತ್ತೇ ಅಂಗಡಿ ತೆರೆಯಬಹುದು. ಹುಸೇನಬಿ ಅದನ್ನು ಇನ್ನೊಮ್ಮೆ, ಜೋರಾಗಿ ಓದಿಸಿದಳು. ಬಾಗಿಲ ಬಳಿ ಓಣಿಯ ನಾಲ್ಕಾರು ಜನ ನಿಂತಿದ್ದರು. ಅವರ ಕಡೆ ನೋಡದೆ, ತಲೆಯೆತ್ತಿ ಅವರ ನಡುವೆಯೇ ಹಾದುಹೋದಳು. ಹೊಸ ಸೇರು ಕೊಳ್ಳುವ ಅವಸರ ಅವಳಿಗೆ. ನನ್ನ ಕಡೆ ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ.

ಈಗ ನಾನು ಕೋರ್ಟಿನಲ್ಲಿ ಮೊಕದ್ದಮೆಯ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆಯಲ್ಲಿದ್ದೇನೆ. ಪಕ್ಕದಲ್ಲಿ ಚಕ್ರವಿಲ್ಲದ ಸೈಕಲ್ಲು, ಆಚೆ ಒಂದು ಕುಡುಗೋಲು. ಯಾರೂ ಮಾತಾಡುವುದಿಲ್ಲ. ನಾನು ಕಡಿಮೆ ಎಂದು ತೀರ್ಪಾಗಿದೆ, ಅದು ನಿಜ. ಹುಸೇನಬಿ ಕಳ್ಳಿಯಲ್ಲ ಎಂದೂ ತೀರ್ಪಾಗಿದೆ, ಅದೂ ನಿಜ. ಈ ಎರಡು ನಿಜಗಳೂ ಒಟ್ಟಿಗೆ ಹಿಡಿಸುವಷ್ಟು ದೊಡ್ಡದಾದ ಕೋರ್ಟಿನ ಕೋಣೆಯಲ್ಲಿ ನನ್ನನ್ನು ಅಳೆದರು. ಒಂದು ಸೇರಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?